ಹಳೆಯ ಇಂಗ್ಲಿಷ್ ಫೈಲನ್ನು ಇಂದಿನ ರೂಢಿಗೆ ತಿದ್ದುವುದು ಹೇಗೆ

ಹಳೆಯ ಬಯೋಡೇಟಾ, ಅರ್ಜಿ, ಸಂಘದ ಬೈಲಾ ತೆಗೆದು ಅದರ ಮೇಲೆಯೇ ಹೊಸದು ಟೈಪ್ ಮಾಡುವುದು ಕಲಬುರಗಿಯ ಡಿಟಿಪಿ ಅಂಗಡಿಗಳಲ್ಲಿ ದಿನದ ಕೆಲಸ. ಎಂಎಸ್ ವರ್ಡ್‌ನಲ್ಲಿ ಪದ ಹುಡುಕಿ ಬದಲಿಸುವ ಕಂಟ್ರೋಲ್-ಎಚ್ ಒತ್ತಿ, ಗುಲ್ಬರ್ಗಾ ಇದ್ದಲ್ಲೆಲ್ಲ ಕಲಬುರಗಿ ಮಾಡಿ, ರಿಪ್ಲೇಸ್ ಆಲ್ ಕೊಟ್ಟರೆ ಕೆಲಸ ಕೆಟ್ಟಂತೆ. ಊರಿನ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ವಿಶ್ವವಿದ್ಯಾಲಯ ಮಾತ್ರ ಗುಲ್ಬರ್ಗಾ ಯೂನಿವರ್ಸಿಟಿಯಾಗಿಯೇ ಉಳಿದಿದೆ. ಅಂಕಪಟ್ಟಿಗೂ ಬಯೋಡೇಟಾಕ್ಕೂ ಹೆಸರು ತಾಳೆಯಾಗದಿದ್ದರೆ ದಾಖಲೆ ನೋಡುವವರು ಕೇಳಿಯೇ ಕೇಳುತ್ತಾರೆ. ‘ಹೈದರಾಬಾದ್-ಕರ್ನಾಟಕ’ವೂ ಹೀಗೆಯೇ: 2019ರಿಂದ ಅದು ಕಲ್ಯಾಣ ಕರ್ನಾಟಕ, ಆದರೆ 2013ರ ಮೀಸಲಾತಿ ಆದೇಶದ ಶೀರ್ಷಿಕೆ ಬರೆಯುವಾಗ ಹಳೆಯ ಹೆಸರೇ ಬರಬೇಕು. ಆದ್ದರಿಂದ ಫೈಂಡ್ ನೆಕ್ಸ್ಟ್ ಒತ್ತುತ್ತ ಒಂದೊಂದನ್ನೇ ನೋಡಿ ಬದಲಿಸಿ.

ಇನ್ನು ಕ್ಯಾಪಿಟಲ್ ಅಕ್ಷರ. ಕನ್ನಡ ಲಿಪಿಯಲ್ಲಿ ಈ ತಾಪತ್ರಯವೇ ಇಲ್ಲ. ಅದಕ್ಕೇ ನಮ್ಮವರು ಇಂಗ್ಲಿಷಿನಲ್ಲಿ ಗೌರವಕ್ಕೆಂದು ಕಂಡಕಂಡ ಪದಕ್ಕೆ ಕ್ಯಾಪಿಟಲ್ ಹಾಕುತ್ತಾರೆ. ‘ಇಂಟರ್ನೆಟ್’ ಒಂದು ನಿರ್ದಿಷ್ಟ ಜಾಲದ ಅಂಕಿತನಾಮವೆಂದು ಮೊದಲು ದೊಡ್ಡ ಐ ಪಡೆದಿತ್ತು. ಕರೆಂಟು, ನಲ್ಲಿ ನೀರಿನಷ್ಟು ಸಾಮಾನ್ಯವಾದ ಮೇಲೆ ಅದು ಇಳಿಯಿತು. ಅಮೆರಿಕದ ಎಪಿ ಸುದ್ದಿಸಂಸ್ಥೆಯ ಬರವಣಿಗೆ ಕೈಪಿಡಿ 2010ರಲ್ಲಿ ‘ವೆಬ್ ಸೈಟ್’ ಅನ್ನು ಒಂದೇ ಪದವಾಗಿಸಿ ಸಣ್ಣಕ್ಷರಕ್ಕೆ ತಂದಿತು, 2011ರಲ್ಲಿ ‘ಇ-ಮೇಲ್’ನ ಅಡ್ಡಗೆರೆ ತೆಗೆಯಿತು, 2016ರ ಜೂನ್‌ನಿಂದ ಇಂಟರ್ನೆಟ್ಟನ್ನೂ ಸಣ್ಣಕ್ಷರ ಮಾಡಿತು. ತಿದ್ದುವಾಗ ಫೈಂಡ್ ಬಾಕ್ಸಿನಲ್ಲಿ ಮೋರ್ ಒತ್ತಿ ‘ಮ್ಯಾಚ್ ಕೇಸ್’ ಟಿಕ್ ಮಾಡಿ. ಆಗ ದೊಡ್ಡ ಐ ಇರುವವು ಮಾತ್ರ ಸಿಗುತ್ತವೆ. ವಾಕ್ಯದ ಮೊದಲಲ್ಲಿ ಬಂದದ್ದನ್ನೂ ‘ಇಂಟರ್ನೆಟ್ ಎಕ್ಸ್‌ಪ್ಲೋರರ್’ನಂಥ ಹೆಸರನ್ನೂ ಮುಟ್ಟಬೇಡಿ. ಸೆಲೆಕ್ಟ್ ಮಾಡಿದ್ದನ್ನು ದೊಡ್ಡಕ್ಷರ-ಸಣ್ಣಕ್ಷರಕ್ಕೆ ಬದಲಿಸುವ ಶಿಫ್ಟ್-ಎಫ್3 ಬೇಗ ಆಗುತ್ತದೆ ನಿಜ, ಆದರೆ ಇಡೀ ಪ್ಯಾರಾ ಸೆಲೆಕ್ಟ್ ಮಾಡಿ ಸಣ್ಣಕ್ಷರ ಬರುವವರೆಗೆ ಒತ್ತಿದರೆ ಡಿಸಿ, ಪಿಡಿಒ ಎಲ್ಲವೂ ಸಣ್ಣಕ್ಷರವಾಗಿ ಕೂರುತ್ತವೆ.

ಬೈಲಾಕ್ಕೆ ಈ ರೂಢಿ ತರಬೇಡಿ. ಅಲ್ಲಿ ದೊಡ್ಡ ಎಸ್‌ನ ‘ಸೊಸೈಟಿ’ ಎಂದರೆ ವ್ಯಾಖ್ಯೆಯ ಕಲಮಿನಲ್ಲಿ ಹೇಳಿದ ಅದೇ ಸಂಘ. ಸಣ್ಣಕ್ಷರ ಮಾಡಿದರೆ ಯಾವ ಸಂಘವೂ ಆಗಬಹುದು. ‘ಚೇರ್ಮನ್’ ಕೂಡ ಹಾಗೆಯೇ. ಪತ್ರದಲ್ಲಿ ‘ಚೇರ್‌ಪರ್ಸನ್’ ಇಂದಿನ ರೂಢಿ, ಬೈಲಾದಲ್ಲಿ ತಿದ್ದುಪಡಿಯ ಠರಾವು ಆಗುವವರೆಗೆ ಹಳೆಯದೇ.

ಅರ್ಜಿಯ ‘ಐ ಬೆಗ್ ಟು ಸ್ಟೇಟ್’ ಬ್ರಿಟಿಷರ ಕಚೇರಿಯ ಪಳೆಯುಳಿಕೆ, ನೇರ ತೆಗೆದುಹಾಕಿ. ‘ಡೂ ದ ನೀಡ್‌ಫುಲ್’ ಇದ್ದಲ್ಲಿ ಬೇಕಾದದ್ದನ್ನೇ ಬರೆಯಿರಿ: ಪಹಣಿಯಲ್ಲಿ ಹೆಸರು ತಿದ್ದಿಕೊಡಿ, ಇಂತಿಷ್ಟು ದಿನದೊಳಗೆ ಕೊಡಿ.

ಯಾವುದು ಚಾಲ್ತಿಯಲ್ಲಿದೆ ಎಂಬ ಅನುಮಾನ ಬಂದರೆ ಪುಸ್ತಕಗಳಲ್ಲಿ ಒಂದು ಪದ ಯಾವ ವರ್ಷ ಎಷ್ಟು ಬಳಕೆಯಾಗಿದೆ ಎಂದು ತೋರಿಸುವ ಗೂಗಲ್ ಬುಕ್ಸ್‌ನ ಎನ್‌ಗ್ರಾಮ್ ವ್ಯೂವರ್‌ನಲ್ಲಿ ಎರಡೂ ರೂಪವನ್ನು ಅಲ್ಪವಿರಾಮ ಹಾಕಿ ಕೊಡಿ. ‘ಕೇಸ್-ಇನ್‌ಸೆನ್ಸಿಟಿವ್’ ಆನ್ ಇದ್ದರೆ ದೊಡ್ಡ-ಸಣ್ಣ ಅಕ್ಷರ ಒಟ್ಟಿಗೆ ಎಣಿಕೆಯಾಗುತ್ತವೆ, ಮೊದಲು ಅದನ್ನು ಆಫ್ ಮಾಡಿ.