ದ್ವೀಪಕ್ಕೆ ಇಳಿದ ಮೊದಲ ಅರ್ಧ ದಿನ: ನನ್ನ ಅನುಭವ

ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ಮಕ್ಕಳ ಪರೀಕ್ಷೆಯೂ ಆದ ಮೇಲೆ ಏಪ್ರಿಲ್‌ನಲ್ಲಷ್ಟೇ ನಮ್ಮ ಮನೆಯವರೆಲ್ಲ ಒಟ್ಟಿಗೆ ಹೊರಡಲಿಕ್ಕೆ ಆಗುವುದು. ಅಂಡಮಾನಿಗೆ ಅದು ತಕ್ಕ ಕಾಲವೂ ಹೌದು. ಜೂನ್‌ನಲ್ಲಿ ಕೊಡಗಿಗೆ ಬರುವ ಮುಂಗಾರು ಮೇ ಮೂರನೇ ವಾರದ ಹೊತ್ತಿಗೇ ಅಲ್ಲಿ ಕಾಲಿಟ್ಟಿರುತ್ತದೆ. ಆಮೇಲೆ ಕಡಲು ಶಾಂತವಾಗಿರುವುದಿಲ್ಲ.

ನಮ್ಮದು ಉದ್ದದ ಪ್ರವಾಸ. ಕುಶಾಲನಗರದಿಂದ ರಾತ್ರಿ ಹೊರಟು ಬೆಂಗಳೂರು, ಅಲ್ಲಿಂದ ವಿಮಾನದಲ್ಲಿ ಪೋರ್ಟ್ ಬ್ಲೇರ್, ಮುಂದೆ ಹಡಗಿನಲ್ಲಿ ಹ್ಯಾವ್‌ಲಾಕ್, ಅದಾದ ಮೇಲೆ ನೀಲ್. ಟಿಕೆಟಿನಲ್ಲಿ ಹೊಸ ಹೆಸರುಗಳೂ ಇರುತ್ತವೆ, ಗೊತ್ತಿರಲಿ: 2018ರಿಂದ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, 2024ರಿಂದ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ. ಘಟ್ಟದ ತಿರುವುಗಳಲ್ಲೇ ಬೆಳೆದ ಮಕ್ಕಳಿಗೆ ಹಡಗಿನ ತೂಗಾಟ ಏನೂ ಮಾಡಲಿಲ್ಲ. ಅತ್ತೆಗೆ ಮಾತ್ರ ಹಡಗು ಹತ್ತುವ ಮೊದಲೇ ವಾಂತಿ ಮಾತ್ರೆ ಕೊಟ್ಟು, ಹಿಂದಿನ ಸಾಲಿನ ನಡುವೆ ಕೂರಿಸಿದೆವು. ತೂಗಾಟ ಅಲ್ಲಿ ಕಡಿಮೆ.

ಹೊಸ ದ್ವೀಪಕ್ಕೆ ಇಳಿದ ಮೊದಲ ಅರ್ಧ ದಿನ ನಾನು ಯಾವ ಜಾಗವನ್ನೂ ನೋಡಲು ಹೋಗುವುದಿಲ್ಲ, ಮನೆಯವರನ್ನೂ ಹೊರಡಿಸುವುದಿಲ್ಲ. ನೀಲ್‌ನ ಜೆಟ್ಟಿಯಲ್ಲಿ ಕಾಲಿಟ್ಟ ಕೂಡಲೇ ಆಟೋದವರು ಸುತ್ತುವರಿದು, ಸಂಜೆಯೊಳಗೆ ಎಲ್ಲ ಪಾಯಿಂಟ್ ತೋರಿಸ್ತೇವೆ ಅನ್ನುತ್ತಾರೆ. ಅವರ ಹೊಟ್ಟೆಪಾಡು, ತಪ್ಪೇನಿಲ್ಲ. ನಾವು ರೂಮಿನವರೆಗಷ್ಟೇ ಬಾಡಿಗೆ ಮಾತಾಡಿ, ಆ ಡ್ರೈವರ್ ಹತ್ತಿರವೇ ಒಂದು ಪ್ರಶ್ನೆ ಕೇಳಿದೆವು: ನಾಳೆ ನೀರು ಇಳಿಯುವುದು ಎಷ್ಟು ಹೊತ್ತಿಗೆ?

ದ್ವೀಪದ ದಿನಚರಿಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಮಳೆ, ಮೋಡ, ಮಂಜು ನಮಗೆ ಹುಟ್ಟಿನಿಂದ ಗೊತ್ತು. ಉಬ್ಬರ ಇಳಿತ ಗೊತ್ತಿಲ್ಲ. ಅಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿಕೆಗೂ ಇಳಿತಕ್ಕೂ ನಡುವೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ಮಾರನೆಯ ದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನೀಲ್‌ನ ಲಕ್ಷ್ಮಣಪುರ ತೀರದಲ್ಲಿ ತಾನಾಗಿಯೇ ಕಮಾನಿನಂತೆ ಆಗಿರುವ ಕಲ್ಲು ಸೇತುವೆ ನೋಡಬೇಕಾದರೆ ನೀರು ಇಳಿದಿರಲೇಬೇಕು. ಅಲ್ಲಿನದೇ ಇನ್ನೊಂದು ತೀರ ಭರತಪುರದಲ್ಲಿ ಈಜುವುದಾದರೆ ನೀರು ತುಂಬಿದ್ದರೆ ಒಳ್ಳೆಯದು. ಇದನ್ನು ತಿಳಿಯದೆ ಹೊರಟವರಿಗೆ ಸೇತುವೆಯ ದಾರಿಯೇ ನೀರೊಳಗೆ ಇರುತ್ತದೆ.

ಎರಡನೆಯದು ಸೂರ್ಯ. ಮಡಿಕೇರಿಯೂ ನೀಲ್ ದ್ವೀಪವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಆದ್ದರಿಂದ ಹಗಲಿನ ಉದ್ದ ಎರಡೂ ಕಡೆ ಒಂದೇ. ಆದರೆ ದ್ವೀಪ 17 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಅದೇ ಭಾರತದ್ದು. ಹಾಗಾಗಿ ಎಲ್ಲವೂ ಒಂದು ಗಂಟೆಗೂ ಹೆಚ್ಚು ಮುಂಚೆ. ಏಪ್ರಿಲ್ ಕೊನೆಯಲ್ಲಿ ಬೆಳಗ್ಗೆ ಐದಕ್ಕೆಲ್ಲ ಹೊತ್ತು ಮೂಡಿ, ಸಂಜೆ ಐದೂವರೆಗೆ ಮುಳುಗುತ್ತದೆ. ಮೊದಲ ಸಂಜೆ ಅತ್ತೆ ಆಕಾಶ ನೋಡಿ, "ಇಷ್ಟು ಬೇಗ ಕತ್ತಲಾಯ್ತಲ್ಲ, ಮಳೆ ಬರ್ತದಾ?" ಅಂತ ಕೇಳಿದರು. ಆ ರಾತ್ರಿ ಏಳೂವರೆಗೇ ಊಟ ಮುಗಿಸಿ ಎಲ್ಲರೂ ಮಲಗಿದೆವು. ಊರಿನ ಗಡಿಯಾರ ಹಿಡಿದು ಎಂಟಕ್ಕೆ ಎದ್ದರೆ ದ್ವೀಪದ ಅತಿ ಚೆಂದದ ಹೊತ್ತು ಕಳೆದೇ ಹೋಗಿರುತ್ತದೆ.

ಹುಣ್ಣಿಮೆ ಕಳೆದು ಕೆಲವು ದಿನ ಆಗಿತ್ತು, ಇಳಿತ ಬೆಳಗ್ಗೆ ಆರರ ಮೇಲೆ ಇತ್ತು. ಐದೂವರೆಗೇ ಹೊರಟು ಲಕ್ಷ್ಮಣಪುರ ತಲುಪಿದಾಗ ನಾವು ಬಿಟ್ಟರೆ ಒಬ್ಬ ಗೈಡ್ ಮಾತ್ರ. ನೀರು ಹಿಂದೆ ಸರಿದ ಕಡೆ ಬಂಡೆಯ ಗುಳಿಗಳಲ್ಲಿ ಕಡಲು ಅಲ್ಲಲ್ಲಿ ಉಳಿದಿತ್ತು. ಒಂದು ಗುಳಿ ನಮ್ಮ ಮನೆಯ ಪಾತ್ರೆ ತೊಳೆಯುವ ತೊಟ್ಟಿಯಷ್ಟೇ ಇತ್ತು. ಅದರಲ್ಲಿ ಬೆರಳುದ್ದದ ನೀಲಿ ಮೀನು, ಕಪ್ಪಗೆ ಬಿದ್ದುಕೊಂಡ ಕಡಲ ಸೌತೆ ಎಂಬ ಪ್ರಾಣಿ, ಚಿಪ್ಪು ಹೊತ್ತು ಓಡುವ ಸನ್ಯಾಸಿ ಏಡಿ, ಅಂಚಿನಲ್ಲಿ ಕಂದು ಹಸಿರಿನ ಜೀವಂತ ಹವಳ. ಗೈಡ್ ಕೋಲಿನಿಂದ ಮುಟ್ಟದೆ ತೋರಿಸುತ್ತ, ಕಾಲಿಡುವ ಜಾಗವನ್ನೂ ಹೇಳುತ್ತಿದ್ದ: ಮರಳಿನ ಮೇಲೆ, ಇಲ್ಲವೇ ಬರೀ ಬಂಡೆಯ ಮೇಲೆ, ಹವಳದ ಮೇಲೆ ಮಾತ್ರ ಬೇಡ. ಹವಳ ಬೆಳೆಯುವುದು ಬಹಳ ನಿಧಾನ, ಒಂದು ಹೆಜ್ಜೆಗೆ ಮುರಿಯುತ್ತದೆ. ಹೆಕ್ಕಿ ತರುವುದಂತೂ ಕಾನೂನಿಗೆ ವಿರುದ್ಧ. ಮಗಳು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡುತ್ತಲೇ ಇದ್ದಳು. ಹಿಡಿತವಿರುವ ಸ್ಯಾಂಡಲ್ ಹಾಕಿ. ಹವಾಯಿ ಚಪ್ಪಲಿ ಆ ಪಾಚಿಗೆ ನಿಲ್ಲುವುದಿಲ್ಲ.

ತೋಟದವಳಾದ್ದರಿಂದ ನನ್ನ ಕಣ್ಣು ಮಣ್ಣಿನ ಕಡೆಗೂ ಹೋಗುತ್ತಿತ್ತು. ನೀಲ್ ಅಂಡಮಾನಿನ ತರಕಾರಿ ತೋಟ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ಕಾಡು ಕಡಿದು ಬೇಸಾಯ ಮಾಡಿದ ನೆಲ ಅದು. ಅಡಿಕೆ, ತೆಂಗು, ಬದನೆ ನೋಡಿದ ಅತ್ತೆಗೆ ಅರ್ಧ ಊರೇ ಸಿಕ್ಕಂತಾಯಿತು. ಮೀನು ಸಾರಿನ ಸಾಸಿವೆ ಎಣ್ಣೆ ಮಾತ್ರ ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ.

ಕೈಯಲ್ಲಿ ನಗದು ಇಟ್ಟುಕೊಳ್ಳಿ, ಫೋನಿನ ನೆಟ್‌ವರ್ಕ್ ನಂಬಿ ಕೂರಬೇಡಿ. ಹೋಗಿಬರುವ ಹಡಗಿನ ಟಿಕೆಟ್ ಊರಲ್ಲೇ ಮಾಡಿಸಿ, ಹೊರಡುವ ಸಮಯವನ್ನು ಹಿಂದಿನ ದಿನ ಜೆಟ್ಟಿಯಲ್ಲಿ ಮತ್ತೊಮ್ಮೆ ಕೇಳಿ. ಗಾಳಿ ಎದ್ದರೆ ಹಡಗು ರದ್ದಾಗುತ್ತದೆ, ಯಾರನ್ನು ಕೇಳಿಯೂ ಪ್ರಯೋಜನವಿಲ್ಲ. ಅದಕ್ಕೇ ನಾವು ವಿಮಾನದ ಹಿಂದಿನ ದಿನ ಬೆಳಗ್ಗೆಯೇ ಪೋರ್ಟ್ ಬ್ಲೇರಿಗೆ ವಾಪಸಾದೆವು, ಸಂಜೆ ಸೆಲ್ಯುಲಾರ್ ಜೈಲು ನೋಡುವುದಕ್ಕೂ ಸಮಯ ಸಿಕ್ಕಿತು.