‘ಕಂಟ್ರೋಲರ್ ಹೋಯಿತು’ ಎನ್ನುವ ಮೊದಲು

ಮೈಸೂರು, ಮಂಡ್ಯ ಭಾಗದ ಹೂಟಗಳ್ಳಿ, ಹೆಬ್ಬಾಳ, ತೂಬಿನಕೆರೆ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ಸರ್ವೊ ಮೋಟರಿನ (ಹೇಳಿದಷ್ಟೇ ತಿರುಗಿ ಹೇಳಿದಲ್ಲೇ ನಿಲ್ಲುವ ಮೋಟರ್) ಯಂತ್ರ ಅರ್ಧ ಕೆಲಸಕ್ಕೆ ನಿಂತರೆ ಮೊದಲು ಬೈಗುಳ ತಿನ್ನುವುದು ಮೋಷನ್ ಕಂಟ್ರೋಲರ್, ಅಂದರೆ ಮೋಟರುಗಳು ಎಲ್ಲಿಗೆ, ಎಷ್ಟು ವೇಗದಲ್ಲಿ ಹೋಗಬೇಕೆಂದು ಹೇಳುವ ಸಾಧನ. ಪಾಪ, ಅದು ಕೆಟ್ಟಿರುವುದು ಅಪರೂಪ. ತಂತಿ, ಕನೆಕ್ಟರ್, ಸ್ವಿಚ್ಚುಗಳಲ್ಲಿ ಮೊದಲು ಹುಡುಕಿ.

ರೀಸೆಟ್ ಒತ್ತುವ ಆತುರ ಬೇಡ. ಪರದೆಯ ಮೇಲಿನ ಅಲಾರಂ ಸಂಖ್ಯೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಒಂದು ಡ್ರೈವ್ (ಮೋಟರಿಗೆ ವಿದ್ಯುತ್ ಅಳೆದು ಕೊಡುವ ಸಾಧನ) ನಿಂತೊಡನೆ ಉಳಿದವೂ ಒಂದರ ಹಿಂದೊಂದು ಕೂಗಿಕೊಳ್ಳುತ್ತವೆ. ಅಲಾರಂ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬಂದದ್ದು ಯಾವುದೆಂದು ನೋಡಿ. ಕೊನೆಯದರ ಬೆನ್ನು ಹತ್ತಿದರೆ ದಿನ ಹಾಳು.

ಇನ್ನು ಮಲ್ಟಿಮೀಟರ್. ಕಂಟ್ರೋಲರಿನ ಟರ್ಮಿನಲ್‌ನಲ್ಲೇ 24 ವೋಲ್ಟ್ ಅಳೆಯಿರಿ. ಮೋಟರನ್ನು ಹಿಡಿದಿಟ್ಟ ಬ್ರೇಕ್ ಬಿಡುವ ಕ್ಷಣದಲ್ಲಿ ವೋಲ್ಟೇಜ್ ಕುಸಿದರೆ ಪವರ್ ಸಪ್ಲೈ ಅಥವಾ ಸಡಿಲ ಸ್ಕ್ರೂ ಮೇಲೆ ಅನುಮಾನ ಪಡಿ. ಡ್ರೈವ್‌ನಲ್ಲಿ ಅಲಾರಂ ಇಲ್ಲದೆಯೂ ಮೋಟರ್ ಎಚ್ಚರಗೊಳ್ಳದಿದ್ದರೆ ತುರ್ತು ನಿಲುಗಡೆಯ ಗುಂಡಿ, ಬಾಗಿಲ ಸ್ವಿಚ್ಚು ನೋಡಿ. ಚಲನೆಯ ಅಂಚು ಕಾಯುವ ಲಿಮಿಟ್ ಸ್ವಿಚ್ಚುಗಳನ್ನು ‘ನಾರ್ಮಲಿ ಕ್ಲೋಸ್ಡ್’ ಸಂಪರ್ಕದಲ್ಲಿ, ಅಂದರೆ ಮುಟ್ಟದಿರುವಾಗ ವಿದ್ಯುತ್ ಹರಿದು ಮುಟ್ಟಿದಾಗ ಕಡಿಯುವಂತೆ, ಜೋಡಿಸಿರುತ್ತಾರೆ. ಹಾಗಾಗಿ ತಂತಿ ತುಂಡಾದರೂ ಕಂಟ್ರೋಲರಿಗೆ ಅಂಚು ಮುಟ್ಟಿದಂತೆಯೇ ಕಾಣುತ್ತದೆ.

ಹೆಚ್ಚು ತಲೆ ತಿನ್ನುವುದು ‘ಫಾಲೋಯಿಂಗ್ ಎರರ್’. ಇರಬೇಕಾದ ಜಾಗಕ್ಕೂ ಎನ್‌ಕೋಡರ್ (ಮೋಟರ್ ಎಷ್ಟು ತಿರುಗಿದೆಯೆಂದು ಅಳೆಯುವ ಸಾಧನ) ಹೇಳುವ ಜಾಗಕ್ಕೂ ಅಂತರ ಮಿತಿ ಮೀರಿದೆ ಎಂದರ್ಥ. ಪ್ಯಾರಾಮೀಟರಿನಲ್ಲಿ, ಅಂದರೆ ಒಳಗಿನ ಹೊಂದಿಕೆಯಲ್ಲಿ, ಆ ಮಿತಿಯನ್ನೇ ಹಿಗ್ಗಿಸಿ ಕೈತೊಳೆದುಕೊಳ್ಳುವವರು ಇದ್ದಾರೆ. ಜ್ವರ ಬಂದಾಗ ಥರ್ಮಾಮೀಟರ್ ಬಚ್ಚಿಟ್ಟಂತೆ. ತಪ್ಪು ಪ್ರತಿಸಲ ಒಂದೇ ಜಾಗದಲ್ಲಿ ಬರುತ್ತದೆಯೇ? ಹಾಗಿದ್ದರೆ ಅಲ್ಲಿ ಬಾಲ್ ಸ್ಕ್ರೂಗೆ (ಮೋಟರಿನ ತಿರುಗಾಟವನ್ನು ನೇರ ಚಲನೆಯಾಗಿಸುವ ತಿರುಪು) ಚೂರು ಸಿಕ್ಕಿರಬಹುದು, ಕೇಬಲ್ ಚೈನಿನ ಬಾಗಿನಲ್ಲಿ ತಂತಿ ಮುರಿದಿರಬಹುದು. ಎಲ್ಲೆಂದರಲ್ಲಿ ಬರುತ್ತಿದ್ದರೆ ಮೋಟರನ್ನೂ ಸ್ಕ್ರೂವನ್ನೂ ಜೋಡಿಸುವ ಕಪ್ಲಿಂಗ್ ಸಡಿಲವಾಗಿರುವುದು, ಪೂರ್ತಿ ಬಿಡದ ಬ್ರೇಕ್, ಅಥವಾ ಮೋಟರ್ ಕೇಬಲ್‌ಗೆ ಅಂಟಿಕೊಂಡೇ ಓಡುವ ಎನ್‌ಕೋಡರ್ ಕೇಬಲ್ ಹಿಡಿಯುವ ವಿದ್ಯುತ್ ಗದ್ದಲ ಕಾರಣವಿರಬಹುದು.

ಸ್ಕ್ರೂವನ್ನು ಕೈಯಿಂದ ತಿರುಗಿಸಿ ನೋಡುವ ಮೊದಲು ಮುಖ್ಯ ಸ್ವಿಚ್ಚು ಆರಿಸಿ, ಬೀಗ ಹಾಕಿ. 415 ವೋಲ್ಟ್ ಮೂರು ಫೇಸಿನ ಡ್ರೈವ್‌ನ ಒಳಗೆ ಸುಮಾರು 580 ವೋಲ್ಟ್ ಡಿಸಿ ಇರುತ್ತದೆ. ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಉಳಿಯುತ್ತದೆ. ಲೇಬಲ್ ಹೇಳಿದಷ್ಟು ನಿಮಿಷ ಕಾಯಿರಿ, ಅಳೆದೇ ಮುಟ್ಟಿ. ಲಂಬ ಅಕ್ಷವಾದರೆ, ಅಂದರೆ ಮೇಲೆ ಕೆಳಗೆ ಚಲಿಸುವ ಭಾಗವಾದರೆ, ಕೆಳಗೆ ಆಧಾರ ಕೊಡದೆ ಬ್ರೇಕ್ ಬಿಡಬೇಡಿ.

ಯಾವ ಭಾಗ ಕೆಟ್ಟಿದೆಯೆಂದು ತಿಳಿಯದಿದ್ದಾಗ ಒಂದೇ ಬಗೆಯ ಎರಡು ಅಕ್ಷಗಳ ಮೋಟರುಗಳನ್ನು ಒಂದರ ಡ್ರೈವ್‌ಗೆ ಇನ್ನೊಂದರದ್ದನ್ನು ಜೋಡಿಸಿ ಅದಲುಬದಲು ಮಾಡಿ ನೋಡಬಹುದು. ತಪ್ಪು ಮೋಟರಿನ ಜೊತೆ ಹೋದರೆ ಮೋಟರ್ ಅಥವಾ ಕೇಬಲ್, ಡ್ರೈವ್‌ನಲ್ಲೇ ಉಳಿದರೆ ಡ್ರೈವ್. ಮೋಟರ್ ಮತ್ತು ಎನ್‌ಕೋಡರ್ ಕೇಬಲ್ ಎರಡನ್ನೂ ಸೇರಿಸಿಯೇ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಮೋಟರ್ ಹಿಡಿತ ತಪ್ಪಿ ಓಡಬಹುದು.

ವೇಗ ಇಳಿಸುವಾಗ ಮಾತ್ರ ಓವರ್‌ವೋಲ್ಟೇಜ್ ಬಂದರೆ ಮೋಟರ್ ಹಿಂದಕ್ಕೆ ಕೊಡುವ ಶಕ್ತಿಯನ್ನು ಶಾಖವಾಗಿ ಉರಿಸುವ ಬ್ರೇಕಿಂಗ್ ರೆಸಿಸ್ಟರ್ ನೋಡಿ.

ದಸರಾ ರಜೆ ಮುಗಿದ ಮೇಲಿನ ತೊಂದರೆಗಳದ್ದು ಬೇರೆಯೇ ಜಾಡು. ಆಯುಧಪೂಜೆಗೆಂದು ಯಂತ್ರ ತೊಳೆಯುವ ಉತ್ಸಾಹದಲ್ಲಿ ಎನ್‌ಕೋಡರ್ ಕನೆಕ್ಟರಿಗೂ ಅಭಿಷೇಕವಾಗಿರುತ್ತದೆ. ಯಂತ್ರ ಆರಿದರೂ ಜಾಗ ನೆನಪಿಡುವ ಅಬ್ಸಲ್ಯೂಟ್ ಎನ್‌ಕೋಡರಿನ ಬ್ಯಾಟರಿ ಸೊರಗಿದ್ದರೆ, ಯಂತ್ರ ಆರಿದ್ದ ದಿನಗಳಲ್ಲಿ ಅದು ಪೂರ್ತಿ ಕೈಕೊಟ್ಟು ಹೋಮ್ ಸ್ಥಾನ (ಎಲ್ಲ ಅಳತೆ ಶುರುವಾಗುವ ಜಾಗ) ಮರೆತುಹೋಗುತ್ತದೆ. ಬ್ಯಾಟರಿ ಎಚ್ಚರಿಕೆ ಬಂದಾಗಲೇ, ಕಂಟ್ರೋಲ್ ಪವರ್ ಆರಿಸದೆ, ಕೈಪಿಡಿಯಲ್ಲಿ ಹೇಳಿರುವ ಕ್ರಮದಲ್ಲಿ ಬದಲಿಸಿ.

ಇಷ್ಟೆಲ್ಲ ಆದ ಮೇಲೂ ಕಂಟ್ರೋಲರನ್ನೇ ಬದಲಿಸಬೇಕೆಂದಾದರೆ, ಹಳೆಯದು ಮಾತನಾಡುತ್ತಿರುವಾಗಲೇ ಪ್ರೋಗ್ರಾಂ, ಪ್ಯಾರಾಮೀಟರ್‌ಗಳ ಪ್ರತಿ ತೆಗೆದುಕೊಂಡು, ಫರ್ಮ್‌ವೇರ್ (ಕಂಟ್ರೋಲರಿನೊಳಗಿನ ಮೂಲ ತಂತ್ರಾಂಶ) ಆವೃತ್ತಿಯನ್ನೂ ಬರೆದಿಟ್ಟು ಆಮೇಲೆ ಕಳಚಿ.