ನ್ಯಾನೊ ಕಂಪನಿಗೆ ಹಣ ಹಾಕುವ ಮುನ್ನ ನಾನು ಏನು ನೋಡುತ್ತೇನೆ

ಎಲೆಕ್ಟ್ರಾನಿಕ್ಸ್ ಕ್ಷೇತ್ರದ ನ್ಯಾನೊ ತಂತ್ರಜ್ಞಾನ ಕಂಪನಿಯೊಂದಕ್ಕೆ ಹಣ ತೊಡಗಿಸಲು ಹೂಡಿಕೆ ನಿಧಿಯವರು ಯೋಚಿಸುತ್ತಿರುವಾಗ, ಆ ತಂತ್ರಜ್ಞಾನ ನಿಜಕ್ಕೂ ಕಾರ್ಖಾನೆಯ ಬಾಗಿಲು ದಾಟೀತೇ ಎಂದು ಪರಿಶೀಲಿಸಿ ವರದಿ ಕೊಡುವುದು ನನ್ನ ಕೆಲಸ. ಅದಕ್ಕೂ ಮೊದಲು ಚಿಪ್ ಕಾರ್ಖಾನೆಯ ತೆಳುಪದರ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದೆ. ಹಾಗಾಗಿ ಹೊಸ ವಸ್ತುವೊಂದು ಎದುರಿಗೆ ಬಂದಾಗ ಹೂಡಿಕೆದಾರರ ಕಣ್ಣು ಅದರ ಗುಣಗಳ ಮೇಲೆ ಬೀಳುತ್ತದೆ. ನನ್ನ ಕಣ್ಣು ಹೋಗುವುದು ಅದನ್ನು ಬಳಸಬೇಕಾದ ಯಂತ್ರದ ಮೇಲೆ. ಈ ಎರಡು ನೋಟಗಳ ನಡುವಿನ ಅಂತರದಲ್ಲೇ ನನ್ನ ಸಂಪಾದನೆ ನಡೆಯುತ್ತಿದೆ.

ಹೊಸಬರೊಂದಿಗೆ ಮಾತು ಶುರುವಾಗುವುದೇ ನ್ಯಾನೊಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಭಾಗ) ಲೆಕ್ಕದಿಂದ. ‘3 ನ್ಯಾನೊಮೀಟರ್ ಚಿಪ್ ಬಂದಾಗಿದೆ, ಇನ್ನು ಸಿಲಿಕಾನ್ ಕಥೆ ಮುಗಿಯಿತು, ಹೊಸ ವಸ್ತುವಿಗೆ ಜಾಗ ತೆರೆಯಿತು’ ಎಂಬ ವಾದವನ್ನು ಎಷ್ಟೋ ಸಲ ಕೇಳಿದ್ದೇನೆ. ಆ 3 ಎಂಬುದು ತಲೆಮಾರಿನ ಹೆಸರು, ಅಳತೆಯಲ್ಲ. ಆ ತಲೆಮಾರಿನ ಚಿಪ್‌ನಲ್ಲಿ ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ತನ್ನು ಹರಿಸಿ ನಿಲ್ಲಿಸುವ ಒಂದು ಗೇಟ್‌ನಿಂದ ಪಕ್ಕದ ಗೇಟ್‌ಗೆ ಇರುವ ಅಂತರ 50 ನ್ಯಾನೊಮೀಟರ್‌ನ ಆಸುಪಾಸಿನಲ್ಲಿದೆ. ಸಿಲಿಕಾನ್ ಹರಳಿನ ಒಂದು ಘಟಕದ ಬದಿ 0.543 ನ್ಯಾನೊಮೀಟರ್; ನಿಜವಾಗಿಯೂ 3 ನ್ಯಾನೊಮೀಟರ್ ಎಂದರೆ ಅಂಥ ಐದಾರು ಘಟಕಗಳ ಉದ್ದ ಮಾತ್ರ. ಇದನ್ನು ವಿವರಿಸಿದ ಮೇಲೂ ಅದೇ ಸ್ಲೈಡನ್ನು ಮುಂದಿನ ಸಭೆಗೆ ಹೊತ್ತು ತರುವವರಿದ್ದಾರೆ. ಅಂಥವರ ವಿಷಯದಲ್ಲಿ ನನ್ನ ವರದಿ ಚಿಕ್ಕದಾಗಿರುತ್ತದೆ.

ಈ ಕ್ಷೇತ್ರಕ್ಕೆ ಹಣದ ಹಳೆಯ ನೆನಪೊಂದಿದೆ. ಅದನ್ನು ಅರಿಯದೆ ಇಂದಿನ ಹೂಡಿಕೆದಾರರ ಹಿಂಜರಿಕೆ ಅರ್ಥವಾಗುವುದಿಲ್ಲ. 2000ದಲ್ಲಿ ಅಮೆರಿಕ ಸರ್ಕಾರ ರಾಷ್ಟ್ರೀಯ ನ್ಯಾನೊ ತಂತ್ರಜ್ಞಾನ ಕಾರ್ಯಕ್ರಮವನ್ನು ಘೋಷಿಸಿತು. 2003ರ ಡಿಸೆಂಬರ್‌ನಲ್ಲಿ ಅದಕ್ಕೊಂದು ಕಾಯ್ದೆಯೂ ಬಂತು. 2004ರಲ್ಲಿ ಮೆರಿಲ್ ಲಿಂಚ್ ಸಂಸ್ಥೆ ನ್ಯಾನೊ ಷೇರುಗಳದ್ದೇ ಒಂದು ಸೂಚ್ಯಂಕ ಹೊರತಂದಿತು. ಅದೇ ವರ್ಷ ನ್ಯಾನೊಸಿಸ್ ಕಂಪನಿ ಷೇರು ಮಾರುಕಟ್ಟೆಗೆ ಇಳಿಯಲು ಅರ್ಜಿ ಹಾಕಿ, ಆಗಸ್ಟ್‌ನಲ್ಲಿ ಹಿಂದಕ್ಕೆ ಪಡೆಯಿತು. ಆಗ ಅದರ ಕೈಯಲ್ಲಿದ್ದದ್ದು ಪೇಟೆಂಟ್‌ಗಳ ದೊಡ್ಡ ಕಟ್ಟು. ಅಂಗಡಿಗೆ ಹೋಗಬಲ್ಲ ಉತ್ಪನ್ನ ಇರಲಿಲ್ಲ. ಇಡೀ ಕ್ಷೇತ್ರಕ್ಕೆ ಬಾಗಿಲು ತೆರೆಯಬೇಕಿದ್ದ ಷೇರು ಮಾರಾಟ ನಿಂತಿದ್ದರಿಂದ ಹಿಂದೆ ಸಾಲುಗಟ್ಟಿದ್ದವರ ಉತ್ಸಾಹವೂ ಇಳಿಯಿತು.

ಆದರೆ ಆ ಕಂಪನಿ ಸಾಯಲಿಲ್ಲ. ನನಗೆ ಮುಖ್ಯವೆನಿಸುವುದು ಅದು ಬದುಕಿದ ಬಗೆ. ಹತ್ತಾರು ದಿಕ್ಕು ಬಿಟ್ಟು ಕ್ವಾಂಟಂ ಡಾಟ್‌ಗೆ ಗಂಟುಬಿತ್ತು. ಕ್ವಾಂಟಂ ಡಾಟ್ ಎಂದರೆ ಕೆಲವೇ ನ್ಯಾನೊಮೀಟರ್ ಗಾತ್ರದ ಅರೆವಾಹಕ ಹರಳು. ಗಾತ್ರ ಬದಲಾದರೆ ಅದು ಹೊಮ್ಮಿಸುವ ಬೆಳಕಿನ ಬಣ್ಣ ಬದಲಾಗುತ್ತದೆ. ಇದನ್ನು ಕಂಡುಹಿಡಿದು ಬೆಳೆಸಿದ ಬಾವೆಂಡಿ, ಬ್ರೂಸ್, ಎಕಿಮೊವ್ ಅವರಿಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಕಂಪನಿ ಈ ಹರಳುಗಳನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಕೂರಿಸಿ ಮಾರಿತು. ಎಲ್‌ಸಿಡಿ ಪರದೆಯ ಹಿಂದೆ ಮೊದಲಿನಿಂದಲೂ ಹಾಳೆಗಳ ಒಂದು ಅಡುಕು ಇರುತ್ತದೆ. ಅದರಲ್ಲಿ ಒಂದನ್ನು ತೆಗೆದು ಇದನ್ನು ಇಡಬೇಕು, ಹಿಂಬೆಳಕಿನ ಬಿಳಿ ಎಲ್‌ಇಡಿ ಬದಲು ನೀಲಿ ಎಲ್‌ಇಡಿ ಹಾಕಬೇಕು. ಬಿಳಿ ಎಲ್‌ಇಡಿ ಎಂಬುದೇ ಮೇಲೆ ಫಾಸ್ಫರ್ (ನೀಲಿಯನ್ನು ಬೇರೆ ಬಣ್ಣಕ್ಕೆ ತಿರುಗಿಸುವ ಪುಡಿ) ಬಳಿದ ನೀಲಿ ಎಲ್‌ಇಡಿ ಆದ್ದರಿಂದ ಅದೂ ಕಷ್ಟದ್ದಲ್ಲ. ಪರದೆ ತಯಾರಿಸುವ ಸಾವಿರಾರು ಕೋಟಿಯ ಕಾರ್ಖಾನೆಯಲ್ಲಿ ಒಂದು ಯಂತ್ರವನ್ನೂ ಅಲುಗಾಡಿಸಬೇಕಿಲ್ಲ. 2013ರಲ್ಲಿ ಈ ಹಾಳೆ ಅಮೆಜಾನ್‌ನ ಕಿಂಡಲ್ ಫೈರ್ ಟ್ಯಾಬ್ಲೆಟ್‌ನೊಳಗೆ ಬಂತು.

ಇಲ್ಲಿಂದಲೇ ನನ್ನ ಮೊದಲ ಪ್ರಶ್ನೆ ಹುಟ್ಟಿದ್ದು: ‘ನಿಮ್ಮದನ್ನು ಕೊಂಡುಕೊಳ್ಳುವವರು ತಮ್ಮ ಕಾರ್ಖಾನೆಯಲ್ಲಿ ಏನೇನು ಬದಲಿಸಬೇಕು?’ ಹೆಚ್ಚಿನ ಸಂಸ್ಥಾಪಕರು ವಸ್ತುವಿನ ವಾಹಕತೆ, ಎಲೆಕ್ಟ್ರಾನ್ ವೇಗ ಎಂದೆಲ್ಲ ಉತ್ತರ ಕೊಡಲು ಸಿದ್ಧರಾಗಿ ಬಂದಿರುತ್ತಾರೆ, ಈ ಪ್ರಶ್ನೆಗೆ ತಡವರಿಸುತ್ತಾರೆ. ತಡವರಿಸಿದರೆ ನನಗೇನೂ ಬೇಸರವಿಲ್ಲ. ‘ಏನೂ ಬದಲಿಸಬೇಕಿಲ್ಲ’ ಎಂದು ಥಟ್ಟನೆ ಹೇಳುವವರನ್ನು ಕಂಡರೆ ಮಾತ್ರ ಅನುಮಾನ.

ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿಸಣ್ಣ ಕೊಳವೆ) ಕಂಪನಿಯೊಂದನ್ನು ಪರಿಶೀಲಿಸಿದಾಗ ಈ ಪ್ರಶ್ನೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ನಿಧಿಯವರಿಗೂ ಮನವರಿಕೆಯಾಯಿತು. ಅವರ ಪ್ರಯೋಗಾಲಯದ ಟ್ರಾನ್ಸಿಸ್ಟರ್ ಚೆನ್ನಾಗಿಯೇ ಇತ್ತು. ನಾನು ಕೇಳಿದ್ದು, ‘ಈ ವೇಫರನ್ನು (ಚಿಪ್ ಮೂಡಿಸುವ ತೆಳು ಬಿಲ್ಲೆಯನ್ನು) ಯಾವ ಉತ್ಪಾದನಾ ಸಾಲು ಒಳಗೆ ಬಿಟ್ಟುಕೊಂಡಿದೆ?’ ನ್ಯಾನೊಟ್ಯೂಬ್ ಬೆಳೆಸಲು ಕಬ್ಬಿಣ, ಕೋಬಾಲ್ಟ್‌ನಂಥ ಲೋಹಗಳ ಕಣಗಳು ವೇಗವರ್ಧಕವಾಗಿ ಬೇಕು. ಸಿಲಿಕಾನ್ ಸಾಲಿನಲ್ಲಿ ಕಬ್ಬಿಣ ಎಂದರೆ ವಿಷ. ಲೇಶಮಾತ್ರ ಸೇರಿದರೂ ಸಿಲಿಕಾನ್ ಒಳಗೆ ಹಬ್ಬಿ ಸಾಧನಗಳ ವಿದ್ಯುತ್ ಸೋರುವಿಕೆ ಹೆಚ್ಚುತ್ತದೆ, ಒಂದು ಕುಲುಮೆ ಕೆಟ್ಟರೆ ಅದರೊಳಗೆ ಹೋದ ಉಳಿದವರ ವೇಫರ್‌ಗಳೂ ಕೆಡುತ್ತವೆ. ಅದಕ್ಕೇ ಯಾವ ಕಾರ್ಖಾನೆಯೂ ಮೇಲ್ಮೈ ಲೋಹದ ಪರೀಕ್ಷಾ ವರದಿ ಇಲ್ಲದೆ ಹೊರಗಿನ ವೇಫರ್ ಮುಟ್ಟುವುದಿಲ್ಲ. ಆ ವರದಿ ನಮಗೆ ಬೇಕೆಂದು ಕೇಳಿದೆ. ಅವರ ಬಳಿ ಇರಲಿಲ್ಲ, ಮಾಡಿಸಿ ಕೊಡುತ್ತೇವೆ ಎಂದರು, ಮಾಡಿಸಿದರು. ಸಂಖ್ಯೆಗಳು ಮಿತಿಗಿಂತ ಬಹಳ ಮೇಲಿದ್ದವು. ನಿಧಿ ಹಣ ಕೊಟ್ಟಿತು, ಆದರೆ ಮೊದಲ ಕಂತು ಶುದ್ಧೀಕರಣಕ್ಕೆ ಮಾತ್ರ ಎಂಬ ಷರತ್ತಿನೊಂದಿಗೆ. ಹೊಸ ಸಾಧನ ಮಾಡಿ ತೋರಿಸಲು ಅದರಲ್ಲಿ ಬಿಡಿಗಾಸೂ ಇರಲಿಲ್ಲ. ಸಂಸ್ಥಾಪಕರಿಗೆ ಇದು ಹಿಡಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ನ್ಯಾನೊಟ್ಯೂಬ್‌ಗೆ ಇನ್ನೊಂದು ಜನ್ಮದೋಷವಿದೆ. ಬೆಳೆಸಿದ ಕೊಳವೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಲೋಹದ ಗುಣದವು, ಅವು ಸ್ವಿಚ್‌ನಂತೆ ಆರುವುದೇ ಇಲ್ಲ. ಅವನ್ನು ಬೇರ್ಪಡಿಸಿ 99.99 ಪ್ರತಿಶತ ಶುದ್ಧವಾದದ್ದನ್ನು ಪಡೆಯುವ ವಿಧಾನಗಳು ಇವೆ. ಕೇಳಲು ಚೆನ್ನಾಗಿದೆ, ಅಲ್ಲವೇ? ಲೆಕ್ಕ ಹಾಕಿ ನೋಡಿ. ಪ್ರತಿ ಟ್ರಾನ್ಸಿಸ್ಟರ್ ಸರಿ ಇರುವ ಸಂಭವ 99.99 ಪ್ರತಿಶತ ಎಂದಿಟ್ಟುಕೊಂಡರೆ, 14,000 ಟ್ರಾನ್ಸಿಸ್ಟರ್‌ಗಳ ಚಿಪ್ ಪೂರ್ತಿ ಸರಿಯಾಗಿರುವ ಸಂಭವ ನಾಲ್ಕರಲ್ಲಿ ಒಂದು. ಮೊಬೈಲ್ ಚಿಪ್‌ನಲ್ಲಿರುವ ನೂರಾರು ಕೋಟಿ ಟ್ರಾನ್ಸಿಸ್ಟರ್‌ಗಳಿಗೆ ಇದೇ ಸೂತ್ರ ಹಚ್ಚಿದರೆ ಉತ್ತರ ಸೊನ್ನೆ. 2019ರಲ್ಲಿ ಅಮೆರಿಕದ ಎಂಐಟಿ ತಂಡ 14,000ಕ್ಕೂ ಹೆಚ್ಚು ನ್ಯಾನೊಟ್ಯೂಬ್ ಟ್ರಾನ್ಸಿಸ್ಟರ್‌ಗಳ ಮೈಕ್ರೊಪ್ರೊಸೆಸರ್ ಮಾಡಿ ಓಡಿಸಿ ತೋರಿಸಿದಾಗ ನನಗೆ ಹಿಡಿಸಿದ್ದು ಆ ಸಂಖ್ಯೆಯಲ್ಲ. ಲೋಹದ ಕೊಳವೆಗಳ ಕಾಟವನ್ನು ಸಹಿಸಿಕೊಳ್ಳುವ ಹಾಗೆ ಅವರು ಸರ್ಕ್ಯೂಟ್ ವಿನ್ಯಾಸವನ್ನೇ ಹೊಂದಿಸಿ, ವಸ್ತುವಿನಿಂದ ಕೇಳಬೇಕಾದ ಶುದ್ಧತೆಯನ್ನು ಕೈಗೆಟಕುವ ಮಟ್ಟಕ್ಕೆ ಇಳಿಸಿದ್ದರು. ಅಂಥ ಬುದ್ಧಿ ಇರುವ ತಂಡಕ್ಕೆ ನಾನು ಕಣ್ಣು ಮುಚ್ಚಿ ಅಲ್ಲದಿದ್ದರೂ ಅರ್ಧ ಕಣ್ಣು ಮುಚ್ಚಿಯಾದರೂ ಶಿಫಾರಸು ಬರೆಯುತ್ತೇನೆ.

ಅಂಕಿಅಂಶ ಕೇಳುವ ಕ್ರಮವನ್ನು ಸ್ವಲ್ಪ ಹೇಳಬೇಕು. ಪ್ರಬಂಧಗಳಲ್ಲಿ ಅಚ್ಚಾಗುವುದು ಅತ್ಯುತ್ತಮ ಸಾಧನದ ವಕ್ರರೇಖೆ. ನನಗೆ ಅದು ಬೇಡ. ಒಂದು ವೇಫರ್‌ನ ಅಂಚಿನಿಂದ ನಡುವಿನವರೆಗೆ ಅಳೆದ ಎಲ್ಲ ಸಾಧನಗಳ ಸಂಖ್ಯೆಗಳು ಬೇಕು, ಕೆಟ್ಟವೂ ಸೇರಿ, ಯಂತ್ರದಿಂದ ಬಂದ ಮೂಲ ಕಡತದಲ್ಲಿ. ನಂತರ ಬೇರೆ ತಿಂಗಳಲ್ಲಿ, ಬೇರೆ ವ್ಯಕ್ತಿ ಮಾಡಿದ ಇನ್ನೊಂದು ವೇಫರ್‌ನದ್ದು. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುತ್ತೇನೆ. ಸರಾಸರಿ ಸ್ವಲ್ಪ ಕಡಿಮೆಯಿದ್ದರೂ ಹರಡಿಕೆ ಕಿರಿದಾಗಿದ್ದರೆ ಆ ಕಂಪನಿಗೆ ಭವಿಷ್ಯವಿದೆ ಎಂದೇ ನನ್ನ ಎಣಿಕೆ. ಸರಾಸರಿ ಅದ್ಭುತವಾಗಿದ್ದು ಹರಡಿಕೆ ಅಗಲವಾಗಿದ್ದರೆ ಅದು ಇನ್ನೂ ವಿಶ್ವವಿದ್ಯಾಲಯದ ಸೊತ್ತು. ಕೆಲವೊಮ್ಮೆ ಒಬ್ಬ ವಿದ್ಯಾರ್ಥಿ ಪದವಿ ಮುಗಿಸಿ ಹೊರಟ ಕೂಡಲೇ ಫಲಿತಾಂಶಗಳೆಲ್ಲ ಕುಸಿದಿರುವುದು ಕಡತದ ದಿನಾಂಕಗಳಲ್ಲೇ ಕಾಣುತ್ತದೆ.

ಬಾಳಿಕೆಯ ಪರೀಕ್ಷೆಯ ವಿಷಯದಲ್ಲಿ ನನ್ನದು ಹಟ. ಚಿಪ್ ಉದ್ಯಮದಲ್ಲಿ ಬಹುಕಾಲದಿಂದ ನಡೆದುಬಂದ ಮಾನದಂಡವಿದೆ: ಮೂರು ಪ್ರತ್ಯೇಕ ಸರದಿಗಳಲ್ಲಿ ತಯಾರಾದ ತಲಾ 77 ಚಿಪ್‌ಗಳನ್ನು 125 ಡಿಗ್ರಿ ಸೆಲ್ಸಿಯಸ್‌ನಲ್ಲಿ 1,000 ಗಂಟೆ ಓಡಿಸಬೇಕು, ಒಂದೂ ಸೋಲಬಾರದು. ತೇವಾಂಶಕ್ಕೆ 85 ಡಿಗ್ರಿ, 85 ಪ್ರತಿಶತ ಆರ್ದ್ರತೆಯ ಪರೀಕ್ಷೆ ಬೇರೆ. ನ್ಯಾನೊ ಗಾತ್ರಕ್ಕೆ ಇಳಿದಾಗ ವಸ್ತುವಿನ ಪರಮಾಣುಗಳಲ್ಲಿ ದೊಡ್ಡ ಪಾಲು ಮೇಲ್ಮೈಯಲ್ಲೇ ಇರುತ್ತದೆ. ಗಾಳಿ, ನೀರು ಸುಲಭವಾಗಿ ಕೆಡಿಸುತ್ತವೆ. ಕ್ವಾಂಟಂ ಡಾಟ್ ಹಾಳೆಗಳ ಎರಡೂ ಬದಿಗೆ ಆಮ್ಲಜನಕ ತಡೆಯುವ ಪದರ ಹಾಕಬೇಕಾಗಿ ಬಂದದ್ದು, ಆ ಪದರವೇ ವೆಚ್ಚದ ದೊಡ್ಡ ಪಾಲಾದದ್ದು ಇದೇ ಕಾರಣಕ್ಕೆ. ಸ್ಲೈಡ್‌ನಲ್ಲಿ ಹರಳಿನ ಬೆಲೆ ಮಾತ್ರ ಬರೆದು ಪದರದ ಬೆಲೆ ಬಿಟ್ಟವರನ್ನು ಕಂಡಿದ್ದೇನೆ.

ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್ ಬಗ್ಗೆ ಎರಡೇ ಮಾತು. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅದನ್ನು ಬೇರ್ಪಡಿಸಿದ ಗೈಮ್, ನೊವೊಸೆಲೊವ್ ಅವರಿಗೆ 2010ರ ನೊಬೆಲ್ ಬಂದಾಗಿನಿಂದ ಗ್ರಾಫೀನ್ ಚಿಪ್‌ನ ಪ್ರಸ್ತಾವಗಳು ನಿಂತಿಲ್ಲ. ವಿದ್ಯುತ್ ಹರಿವನ್ನು ತಡೆದು ನಿಲ್ಲಿಸಲು ಬೇಕಾದ ಶಕ್ತಿ ಅಂತರವೇ (ಬ್ಯಾಂಡ್ ಗ್ಯಾಪ್) ಅದಕ್ಕೆ ಇಲ್ಲ, ಪೂರ್ತಿ ಆರಿಸಲು ಬರುವುದಿಲ್ಲ. ಲೆಕ್ಕ ಮಾಡುವ ತರ್ಕ ಚಿಪ್ ಎಂದಿದ್ದರೆ ನಾನು ಪುಟ ತಿರುವುತ್ತೇನೆ. ಬಿಸಿ ಹರಡುವ ಪದರ, ಸಂವೇದಕ ಎಂದಿದ್ದರೆ ಕುಳಿತು ಓದುತ್ತೇನೆ.

ನಿಧಿಯವರೊಂದಿಗೆ ನನ್ನ ದೊಡ್ಡ ಜಗಳ ಯಾವಾಗಲೂ ಕಾಲದ ವಿಷಯದಲ್ಲಿ. ಸಾಹಸ ಹೂಡಿಕೆ ನಿಧಿಯ ಆಯುಷ್ಯ ಸಾಮಾನ್ಯವಾಗಿ ಹತ್ತು ವರ್ಷ. ವಸ್ತುಗಳ ಗಡಿಯಾರ ಅದಕ್ಕಿಂತ ನಿಧಾನ. ಫಿನ್ಲೆಂಡಿನ ತುವೊಮೊ ಸುಂಟೊಲಾ ಪರಮಾಣು ಪದರವನ್ನು ಒಂದೊಂದಾಗಿ ಕೂರಿಸುವ ವಿಧಾನವನ್ನು 1974ರಲ್ಲಿ ರೂಪಿಸಿದರು. ಅದು ಮೊದಲು ಅನ್ನ ಕಂಡದ್ದು ಹೊಳೆಯುವ ಪ್ರದರ್ಶನ ಫಲಕಗಳಲ್ಲಿ. 1999ರಲ್ಲಿ ನೆದರ್ಲೆಂಡ್ಸ್‌ನ ಎಎಸ್‌ಎಂ ಕಂಪನಿ ಆ ವಿದ್ಯೆಯಿದ್ದ ಫಿನ್ಲೆಂಡ್ ಕಂಪನಿಯನ್ನು ಕೊಂಡಿತು. 2007ರಲ್ಲಿ ಇಂಟೆಲ್ ತನ್ನ 45 ನ್ಯಾನೊಮೀಟರ್ ತಲೆಮಾರಿನ ಟ್ರಾನ್ಸಿಸ್ಟರ್‌ನಲ್ಲಿ ಹ್ಯಾಫ್ನಿಯಂ ಆಧಾರಿತ ಪದರ ಬಳಸತೊಡಗಿದಾಗ ಈ ವಿಧಾನ ಚಿಪ್ ಉದ್ಯಮಕ್ಕೆ ಬಿಡಲಾಗದ್ದಾಯಿತು. ಹುಟ್ಟಿ 33 ವರ್ಷವಾಗಿತ್ತು. ಆದ್ದರಿಂದ ಪ್ರತಿ ಪ್ರಸ್ತಾವದ ಮೇಲೂ ನಾನು ಒಂದು ಹುಟ್ಟಿದ ವರ್ಷ ಬರೆಯುತ್ತೇನೆ, ಕಂಪನಿಯದ್ದಲ್ಲ, ವಿಧಾನದ್ದು. ಮೂರು ವರ್ಷದ ಕೂಸಿಗೆ ಸರ್ಕಾರದ ಅನುದಾನ ಸಾಕು. ಹದಿನೈದು, ಇಪ್ಪತ್ತು ವರ್ಷ ದಾಟಿ, ಒಂದೆರಡು ಕಂಪನಿಗಳನ್ನು ನುಂಗಿ, ಆದರೂ ಉಸಿರಾಡುತ್ತಿರುವ ವಿಧಾನ ಕಂಡರೆ ನನಗೆ ಆಸೆ ಹುಟ್ಟುತ್ತದೆ. ಹಿಂದಿನವರ ಹಣದಲ್ಲಿ ಕಲಿತ ಪಾಠಗಳು ಆಗ ಕಡಿಮೆ ಬೆಲೆಗೆ ಸಿಗುತ್ತವೆ.

ಯಾರ ಹಣ ಎಂಬುದೂ ಮುಖ್ಯ. 2012ರಲ್ಲಿ ಎಎಸ್‌ಎಂಎಲ್ ಕಂಪನಿ 13.5 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಬೆಳಕಿನಿಂದ ಚಿಪ್ ವಿನ್ಯಾಸ ಮೂಡಿಸುವ ಯಂತ್ರಕ್ಕಾಗಿ ಹೆಣಗುತ್ತಿದ್ದಾಗ ಇಂಟೆಲ್, ಟಿಎಸ್‌ಎಂಸಿ, ಸ್ಯಾಮ್‌ಸಂಗ್ ಮೂವರೂ ಅದರ ಷೇರು ಕೊಂಡರು, ಸಂಶೋಧನೆಗೂ ಹಣ ಹಾಕಿದರು. ಯಂತ್ರ ಬೇಕಾದವರೇ ಹಣ ಕೊಟ್ಟದ್ದು. ಹಾಗಿದ್ದೂ ಆ ಬೆಳಕಿನಲ್ಲಿ ಮಾಡಿದ ಚಿಪ್‌ಗಳು ಮಾರುಕಟ್ಟೆಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 2019ರ ಹೊತ್ತಿಗೆ. ಗ್ರಾಹಕನ ಹಣ ಬಂದಿದೆಯೆಂದರೆ ನನ್ನ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ. ಆದರೆ ಒಪ್ಪಂದ ಓದದೆ ಸಹಿ ಹಾಕುವುದಿಲ್ಲ. ಒಂದು ಸಣ್ಣ ಕಂಪನಿಯ ಒಪ್ಪಂದದಲ್ಲಿ, ಅದನ್ನು ಮಾರುವ ಪ್ರಸಂಗ ಬಂದರೆ ಮೊದಲ ಹಕ್ಕು ಹಣ ಹಾಕಿದ ಗ್ರಾಹಕನದ್ದೇ ಎಂಬ ಸಾಲು ಇತ್ತು. ಆ ಒಂದು ಸಾಲಿನಿಂದ ಬೇರೆ ಯಾರೂ ಬೆಲೆ ಕೂಗಲು ಬರುವುದಿಲ್ಲ. ಅದನ್ನು ತೆಗೆಸಲು ನಿಧಿಯ ವಕೀಲರು ಪಟ್ಟ ಪಾಡು, ತಂತ್ರಜ್ಞಾನ ಪರಿಶೀಲಿಸಲು ನಾನು ಪಟ್ಟ ಪಾಡಿಗಿಂತ ಹೆಚ್ಚು.

ಪೇಟೆಂಟ್‌ಗಳನ್ನು ಎಣಿಸುವ ಅಭ್ಯಾಸ ನನಗಿಲ್ಲ. ಯಾವ ಒಂದು ಪೇಟೆಂಟ್ ಇಲ್ಲದೆ ಎದುರಾಳಿಗೆ ಈ ಉತ್ಪನ್ನ ಮಾಡಲಾಗದು ಎಂದು ಹುಡುಕುತ್ತೇನೆ. ಬ್ರಿಟನ್ನಿನ ನ್ಯಾನೊಕೊ ಕಂಪನಿ ವಿಷಕಾರಿ ಲೋಹವಾದ ಕ್ಯಾಡ್ಮಿಯಂ ಇಲ್ಲದ ಕ್ವಾಂಟಂ ಡಾಟ್ ಮಾಡುವ ವಿಧಾನ ಹೊಂದಿತ್ತು. ಐರೋಪ್ಯ ನಿಯಮ ಎಲೆಕ್ಟ್ರಾನಿಕ್ಸ್‌ನಲ್ಲಿ ಕ್ಯಾಡ್ಮಿಯಂಗೆ ಹತ್ತು ಲಕ್ಷಕ್ಕೆ 100 ಭಾಗದ ಮಿತಿ ಹಾಕಿದ್ದರಿಂದ ಆ ವಿಧಾನಕ್ಕೆ ತೂಕ ಬಂತು. 2020ರಲ್ಲಿ ಅದು ಸ್ಯಾಮ್‌ಸಂಗ್ ಮೇಲೆ ದಾವೆ ಹೂಡಿ, 2023ರಲ್ಲಿ 15 ಕೋಟಿ ಡಾಲರ್‌ಗೆ ರಾಜಿಯಾಯಿತು. ವಸ್ತು ಮಾರಿ ಗಳಿಸಲಾಗದ ಮೊತ್ತ ಹಾಗೆ ಕೈಸೇರಿತು.

ಹಣ ಹೊರಬರುವ ದಾರಿಯನ್ನು ವರದಿಯ ಕೊನೆಯ ಪುಟದಲ್ಲಿ ಬರೆಯುತ್ತೇನೆ. ನ್ಯಾನೊ ಎಲೆಕ್ಟ್ರಾನಿಕ್ಸ್‌ನಲ್ಲಿ ಷೇರು ಮಾರುಕಟ್ಟೆಯ ದಾರಿ ಇಕ್ಕಟ್ಟಾದದ್ದು. ಸೋನಿ ಟಿವಿಗಳಿಗೆ ಕ್ವಾಂಟಂ ಡಾಟ್ ಕೊಟ್ಟ ಕ್ಯೂಡಿ ವಿಷನ್ 2016ರಲ್ಲಿ ಸ್ಯಾಮ್‌ಸಂಗ್ ಪಾಲಾಯಿತು, 2004ರಲ್ಲಿ ಅರ್ಜಿ ಹಿಂಪಡೆದ ನ್ಯಾನೊಸಿಸ್ 2023ರಲ್ಲಿ ಜಪಾನಿನ ಶೋಯಿ ಕೆಮಿಕಲ್ ಪಾಲಾಯಿತು. ಹಾಗಾಗಿ ಕಂಪನಿಯನ್ನು ಮುಂದೆ ಕೊಳ್ಳಬಹುದಾದವರ ಹೆಸರುಗಳನ್ನು ಒಂದೊಂದಾಗಿ ಪಟ್ಟಿ ಮಾಡುತ್ತೇನೆ. ಮೂರು ನಾಲ್ಕು ಹೆಸರು ಸಿಕ್ಕರೆ ಸಂಸ್ಥಾಪಕರು ಕೇಳಿದ ಮೌಲ್ಯದ ಬಗ್ಗೆ ತಕರಾರು ತೆಗೆಯುವುದಿಲ್ಲ. ಒಂದೇ ಹೆಸರು ಸಿಕ್ಕರೆ, ಬೆಲೆ ಕಟ್ಟುವವನೂ ಅವನೊಬ್ಬನೇ ಆಗುತ್ತಾನೆ, ಮೌಲ್ಯ ಈಗಲೇ ತಗ್ಗಿಸಿ ಎಂದು ಬರೆದು ಸಹಿ ಹಾಕಿ ಕಳಿಸುತ್ತೇನೆ.